ಮುಂದಿನ ಫೋರ್ಕ್ ಮೆತ್ತಗಾಗಬೇಕೇ? ಮೊದಲು ಟೇಪ್ ಹಿಡಿಯಿರಿ

ಗುಂಡಿಗೆ ಇಳಿದರೆ ಸಾಕು, ಅಂಗೈಗೆ ಏಟು ಬೀಳುತ್ತದೆ ಎಂದು ದೂರುವ ಬೈಕ್ ಸವಾರರು ಬಹಳ. ಅವರಲ್ಲಿ ಹೆಚ್ಚಿನವರು ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ, ಅಂದರೆ ಫೋರ್ಕ್‌ನ ತಲೆಯ ಮೇಲಿರುವ ನಟ್ಟು, ಸ್ಕ್ರೂಗಳನ್ನು ಅಂದಾಜಿನಲ್ಲಿ ತಿರುಗಿಸುತ್ತಾರೆ. ಸವಾರಿ ಇನ್ನೂ ಕೆಡುತ್ತದೆ. ಮೊದಲು ಹೇಗಿತ್ತು ಅನ್ನೋದೂ ನೆನಪಿರುವುದಿಲ್ಲ.

ಶುರುವಿಗೆ ಟೈರ್ ಗಾಳಿ ಸರಿ ಮಾಡಿ. ಆಯಿಲ್ ಸೀಲ್ ಸೋರುತ್ತಿದ್ದರೆ ಬದಲಿಸಿ. ಈಗಿನ ಸೆಟ್ಟಿಂಗ್ ಬರೆದಿಡಿ.

ಮುಂದಿನದು ಸ್ಯಾಗ್ ಅಳತೆ. ನೀವು ಕೂತಾಗ ಫೋರ್ಕ್ ಎಷ್ಟು ಕುಸಿಯುತ್ತದೆ ಎಂಬುದೇ ಸ್ಯಾಗ್. ಜನ ಎಡವುವುದು ಇಲ್ಲೇ. ಒಬ್ಬರೇ ಮಾಡಲು ಹೋಗಬೇಡಿ, ಇಬ್ಬರು ಜೊತೆಗಿರಲಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ. ಫೋರ್ಕ್ ಪೂರ್ತಿ ಚಾಚಿಕೊಂಡಾಗ, ಹೊಳೆಯುವ ಕೊಳವೆ ಹೊರಗೆ ಕಾಣುವಷ್ಟು ಉದ್ದವನ್ನು ಅಳೆಯಿರಿ. ಅದು 130 ಮಿ.ಮೀ. ಎಂದುಕೊಳ್ಳಿ. ಈಗ ಬೈಕ್ ಇಳಿಸಿ, ಹೆಲ್ಮೆಟ್, ಜಾಕೆಟ್ ಸಮೇತ ಕೂತು ಎರಡೂ ಕಾಲು ಫುಟ್‌ರೆಸ್ಟ್ ಮೇಲಿಡಿ. ಒಬ್ಬರು ಬೈಕ್ ನೆಟ್ಟಗೆ ಹಿಡಿಯಲಿ. ಬ್ರೇಕ್ ಮುಟ್ಟಬೇಡಿ.

ಮುಂಭಾಗವನ್ನು ಕೆಳಗೆ ಒತ್ತಿ, ತುಂಬಾ ನಿಧಾನವಾಗಿ ಮೇಲೇಳಲು ಬಿಡಿ. ನಿಂತಲ್ಲಿ ಅಳೆಯಿರಿ: 95 ಬಂತು. ಆಮೇಲೆ ಮುಂಭಾಗವನ್ನು ಮೇಲಕ್ಕೆತ್ತಿ, ಅಷ್ಟೇ ನಿಧಾನವಾಗಿ ಇಳಿಯಲು ಬಿಡಿ: 103 ಬಂತು. ಎರಡಕ್ಕೂ ವ್ಯತ್ಯಾಸ ಯಾಕೆ? ಸೀಲ್ ಮತ್ತು ಬುಷ್‌ಗಳ ಹಿಡಿತ ಫೋರ್ಕನ್ನು ದಾರಿಯಲ್ಲೇ ನಿಲ್ಲಿಸುತ್ತದೆ. ಒಂದೇ ಸಲ ಅಳೆದು ಮುಗಿಸಿದರೆ ಲೆಕ್ಕ ಸುಳ್ಳಾಗುವುದು ಇದಕ್ಕೇ. ಎರಡರ ಸರಾಸರಿ 99, ಅಂದರೆ ಸ್ಯಾಗ್ 31 ಮಿ.ಮೀ. ಈ ವ್ಯತ್ಯಾಸ ತೀರಾ ಜಾಸ್ತಿ ಇದ್ದರೆ ಫೋರ್ಕ್ ಕಾಲುಗಳು ಸಮನಾಗಿಲ್ಲದಿರಬಹುದು. ಆಕ್ಸಲ್ ಹಿಡಿಯುವ ಬೋಲ್ಟ್ ಸಡಿಲಿಸಿ, ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕಾರು ಸಲ ಒತ್ತಿ, ಮತ್ತೆ ಬಿಗಿ ಮಾಡಿ.

ಆರಾಮದ ಸವಾರಿಗೆ ಫೋರ್ಕ್ ಓಡಾಟದ (ಅದು ಒಟ್ಟು ಕುಸಿಯಬಲ್ಲ ಉದ್ದದ) ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಸ್ಯಾಗ್ ಬೇಕು. ಓಡಾಟ 120 ಮಿ.ಮೀ. ಇದ್ದರೆ 30ರಿಂದ 40. ನಾನಂತೂ 35ರ ಆಸುಪಾಸು ಇಡಿ ಎಂದೇ ಹೇಳುತ್ತೇನೆ. ಜಾಸ್ತಿ ಕುಸಿದರೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ) ಏರಿಸಿ, ಕಡಿಮೆಯಾದರೆ ಇಳಿಸಿ. ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕ್ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಪೂರ್ತಿ ಏರಿಸಿದರೂ ಅಳತೆ ಸಿಗದಿದ್ದರೆ ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಿ. ವಾಷರ್ ಪೇರಿಸಿ ಕೆಲಸ ಮುಗಿಸುವವರೂ ಇದ್ದಾರೆ. ಅದೂ ಪ್ರೀಲೋಡೇ ಅಲ್ವಾ, ಸ್ಪ್ರಿಂಗ್ ಬದಲಾಗಲಿಲ್ಲ.

ಕುಸಿದ ಫೋರ್ಕ್ ಮೇಲೇಳುವ ವೇಗವನ್ನು ಹಿಡಿಯುವ ರಿಬೌಂಡ್ ಸ್ಕ್ರೂ ಇದ್ದರೆ ಒಂದೊಂದೇ ಕ್ಲಿಕ್ ತಿರುಗಿಸಿ. ಒತ್ತಿ ಬಿಟ್ಟಾಗ ಫೋರ್ಕ್ ಮೇಲೆದ್ದು ಒಂದೇ ಸಲಕ್ಕೆ ನಿಲ್ಲಬೇಕು. ತೆವಳುತ್ತಾ ಎದ್ದರೆ ಬಿಗಿ ಜಾಸ್ತಿಯಾಗಿದೆ. ಸಾಲು ಉಬ್ಬುಗಳಲ್ಲಿ ಅದು ಕುಸಿದಲ್ಲೇ ಉಳಿದು, ಕೈಗೆ ಕಲ್ಲಿನಂತೆ ತಾಗುತ್ತದೆ. ಸ್ಪ್ರಿಂಗೇ ಗಟ್ಟಿ ಎಂದು ಬಹಳ ಜನ ತಪ್ಪು ತಿಳಿಯುವುದು ಇದನ್ನೇ. ಕಂಪ್ರೆಷನ್, ಅಂದರೆ ಫೋರ್ಕ್ ಕುಸಿಯುವ ವೇಗವನ್ನು ಹಿಡಿಯುವ ಸ್ಕ್ರೂ, ಸುಲಭ: ಚೂಪು ಉಬ್ಬಿನ ಏಟು ಕಡಿಮೆಯಾಗುವವರೆಗೆ ಸಡಿಲಿಸಿ, ಬ್ರೇಕ್ ಹಿಡಿದಾಗ ಮೂತಿ ದಿಢೀರ್ ಮುಳುಗಿದರೆ ಒಂದು ಕ್ಲಿಕ್ ವಾಪಸ್.

ಸ್ಕ್ರೂಗಳೇ ಇಲ್ಲದ ಫೋರ್ಕ್‌ನಲ್ಲಿ ಆಯಿಲೇ ದಾರಿ. ಫೋರ್ಕ್ ಆಯಿಲ್ 15ಡಬ್ಲ್ಯು ಇದ್ದರೆ ಅದಕ್ಕಿಂತ ತೆಳುವಾದ 10ಡಬ್ಲ್ಯು ಹಾಕಿ ನೋಡಿ. ಒಂದೇ ಕಂಪನಿಯದನ್ನೇ ಬಳಸಿ, ಯಾಕೆಂದರೆ ಡಬ್ಬಿ ಮೇಲಿನ ಸಂಖ್ಯೆ ಒಂದೇ ಇದ್ದರೂ ಆಯಿಲ್ ದಪ್ಪ ಒಂದೇ ಇರುವುದಿಲ್ಲ. ಎಂಜಿನ್ ಆಯಿಲ್ ಬೇಡವೇ ಬೇಡ. ಮೆತ್ತಗಾಗಲಿ ಎಂದು ಸುಮ್ನೆ ಆಯಿಲ್ ಕಡಿಮೆ ಹಾಕುವುದೂ ಬೇಡ. ಒಳಗಿನ ಗಾಳಿಯ ಜಾಗ ಹೆಚ್ಚಾಗಿ, ಜೋರು ಬ್ರೇಕ್‌ಗೆ ಫೋರ್ಕ್ ತಳಕ್ಕೆ ಬಡಿಯುತ್ತದೆ. ಸ್ಪ್ರಿಂಗ್ ತೆಗೆದು, ಕೊಳವೆಯನ್ನು ಪೂರ್ತಿ ಒತ್ತಿಟ್ಟು, ಬಾಯಿಂದ ಆಯಿಲ್ ಮಟ್ಟದವರೆಗೆ ಅಳೆಯಿರಿ. ಮ್ಯಾನ್ಯುಯಲ್‌ನಲ್ಲಿರುವ ಅಳತೆ ಎರಡೂ ಕಾಲಿಗೆ ಒಂದೇ ಆಗಿರಲಿ.