ಗಸ್ತು ವಿಮಾನದ ಆಯ್ಕೆ: ಟಿಯು-142ರ ನಂತರ ಏನೆಂದು ನಾವು ಲೆಕ್ಕ ಹಾಕಿದ ಬಗೆ

ಸಕಲೇಶಪುರದ ಕಾಫಿ ತೋಟದಲ್ಲಿ ಹುಟ್ಟಿ ಬೆಳೆದ ನಾನು ನೌಕಾಪಡೆಯ ವೈಮಾನಿಕ ವಿಭಾಗ ಸೇರಿ, ಅರಕ್ಕೋಣಂನ ಐಎನ್‌ಎಸ್ ರಾಜಾಳಿ ನೆಲೆಯಿಂದ ಸಮುದ್ರದ ಮೇಲೆ ಗಸ್ತು ತಿರುಗಿ ಜಲಾಂತರ್ಗಾಮಿಗಳನ್ನು ಹುಡುಕುವ ಟಿಯು-142 ವಿಮಾನಗಳಲ್ಲಿ ಅಬ್ಸರ್ವರ್ (ಹುಡುಕಾಟದ ಸಾಧನಗಳನ್ನು ನೋಡಿಕೊಳ್ಳುವ ಅಧಿಕಾರಿ) ಆಗಿ ಹಲವು ವರ್ಷ ಹಾರಿದೆ. 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದಿದ್ದ ಆ ಎಂಟು ವಿಮಾನಗಳಿಗೆ ಬದಲಿ ಹುಡುಕುವ ಕಾಲ ಬಂದಾಗ, ನಮಗೆ ಬೇಕಾದ ಗುಣಗಳನ್ನು ಬರಹಕ್ಕಿಳಿಸುವ ಮತ್ತು ಬಂದ ಪ್ರಸ್ತಾವಗಳ ಅಂಕಿಗಳನ್ನು ತಾಳೆ ನೋಡುವ ಕೆಲಸದಲ್ಲಿ ನನಗೂ ಒಂದು ಸಣ್ಣ ಪಾಲು ದೊರಕಿತು. ಈಗ ನಿವೃತ್ತನಾಗಿ ಹಾಸನದಲ್ಲಿದ್ದೇನೆ. ಬಹಿರಂಗವಾಗಿ ಹೇಳಬಹುದಾದಷ್ಟನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಟಿಯು-142 ಕೆಟ್ಟ ವಿಮಾನವಾಗಿರಲಿಲ್ಲ. ಒಂದರ ಹಿಂದೊಂದು ಎದುರುಬದುರಾಗಿ ತಿರುಗುವ ಜೋಡಿ ಪ್ರೊಪೆಲ್ಲರ್‌ಗಳಿದ್ದ ಅದರ ನಾಲ್ಕು ಎಂಜಿನ್‌ಗಳು ಜೆಟ್ ವಿಮಾನಕ್ಕೆ ಹತ್ತಿರದ ವೇಗವನ್ನೂ ಬಹುದೂರದ ವ್ಯಾಪ್ತಿಯನ್ನೂ ಕೊಡುತ್ತಿದ್ದವು. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಬಿಡಿಭಾಗಗಳಿಗಾಗಿ ಕಾಯುವುದೇ ಒಂದು ಕೆಲಸವಾಯಿತು. ಒಳಗಿನ ಸಾಧನಗಳೂ ಹಳೆಯದಾಗಿದ್ದವು.

ಪ್ರಸ್ತಾವಗಳಲ್ಲಿ ಎಲ್ಲರೂ ಮೊದಲು ತೋರಿಸುವುದು ವಿಮಾನ ಎಷ್ಟು ದೂರ ಹಾರುತ್ತದೆ ಎಂಬ ಅಂಕಿ. ಜಲಾಂತರ್ಗಾಮಿ ಹುಡುಕುವವನಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಅಷ್ಟು ದೂರ ಹೋಗಿ, ಅಲ್ಲಿ ಎಷ್ಟು ಹೊತ್ತು ಕೆಲಸ ಮಾಡಿ, ಸುರಕ್ಷಿತವಾಗಿ ಮರಳಬಹುದು ಎಂಬುದೇ ಅವನ ಪ್ರಶ್ನೆ. ಸಾವಿರ ನಾಟಿಕಲ್ ಮೈಲಿ, ಅಂದರೆ 1,852 ಕಿಲೋಮೀಟರ್ ದೂರದ ಜಾಗಕ್ಕೆ 330 ನಾಟ್ (ಗಂಟೆಗೆ 330 ನಾಟಿಕಲ್ ಮೈಲಿ) ವೇಗದ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ವಿಮಾನ ಹೋಗಲು ಮೂರು ಗಂಟೆ ಬೇಕು. 440 ನಾಟ್ ವೇಗದ ಜೆಟ್‌ಗೆ ಎರಡೂಕಾಲು ಗಂಟೆ ಸಾಕು. ಹೋಗಿ ಬರುವುದರಲ್ಲಿ ಒಂದೂವರೆ ಗಂಟೆ ಉಳಿಯುತ್ತದೆ. ಆದರೆ ಅದೇ ಜೆಟ್ ಕೆಳಗಿಳಿದು ಸುತ್ತತೊಡಗಿದರೆ ಇಂಧನ ಬೇಗ ಕರಗುತ್ತದೆ, ಉಳಿಸಿದ ಸಮಯದ ಒಂದು ಭಾಗ ಅಲ್ಲೇ ಹೋಗುತ್ತದೆ.

ನಮ್ಮ ತಂದೆ ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಮಳೆಮಾಪಕ ನೋಡಿ, ಇಂಚು ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುತ್ತಿದ್ದರು. ಮರದ ಕೆಳಗೆ ಇಟ್ಟ ಮಾಪಕದ ಲೆಕ್ಕವನ್ನು ಅವರು ಯಾವತ್ತೂ ಒಪ್ಪಿದವರಲ್ಲ. ಒಂದು ಪ್ರಸ್ತಾವದಲ್ಲಿ ಹಾರಾಟದ ಸಮಯವನ್ನು ತಂಪು ಹವೆಗೂ ಎತ್ತರದ ಹಾರಾಟಕ್ಕೂ ಹೊಂದಿಸಿ ಕೊಟ್ಟಿದ್ದನ್ನು ಕಂಡಾಗ ನನಗೆ ಆ ಪುಸ್ತಕ ನೆನಪಾಯಿತು. ಅರಕ್ಕೋಣಂನ ಮೇ ತಿಂಗಳ ಮಧ್ಯಾಹ್ನದ ಬಿಸಿಲು, ಪೂರ್ಣ ಪ್ರಮಾಣದ ಸೋನೊಬಾಯ್ (ನೀರಿಗೆ ಬಿಟ್ಟು ಸದ್ದು ಆಲಿಸುವ ಕೊಳವೆಯಾಕಾರದ ಸಾಧನ) ಮತ್ತು ಟಾರ್ಪಿಡೊ ಹೊರೆ, ಮರಳುವಾಗ ಬೇರೆ ನಿಲ್ದಾಣಕ್ಕೆ ಹೋಗಬೇಕಾದರೆ ಬೇಕಾಗುವ ಇಂಧನ, ಇಷ್ಟನ್ನೂ ಎಲ್ಲ ಪ್ರಸ್ತಾವಗಳಿಗೂ ಒಂದೇ ಸಮ ಸೇರಿಸಿ ಹೊಸದಾಗಿ ಲೆಕ್ಕ ಹಾಕಿದೆವು.

ಹೆಚ್ಚು ಚರ್ಚೆಯಾದದ್ದು, ಹುಡುಕುವಾಗ ವಿಮಾನ ಎಷ್ಟು ಎತ್ತರದಲ್ಲಿ ಹಾರಬೇಕು ಎಂಬ ಪ್ರಶ್ನೆ. ನಮ್ಮ ಸಮುದ್ರದ ಮೇಲ್ಪದರ ಬೆಚ್ಚಗಿದ್ದು, ಅದರ ಕೆಳಗೆ ನೀರು ಒಮ್ಮೆಲೇ ತಣ್ಣಗಾಗುತ್ತದೆ. ಧ್ವನಿ ತಣ್ಣನೆಯ ನೀರಿನ ಕಡೆಗೆ ಬಾಗುವುದರಿಂದ, ಆ ಪದರದ ಕೆಳಗೆ ಸೇರಿಕೊಂಡ ಜಲಾಂತರ್ಗಾಮಿಯ ಸದ್ದು ಮೇಲಿನ ಕಿವಿಗೆ ಸರಿಯಾಗಿ ತಲುಪುವುದಿಲ್ಲ. ಹೀಗಾಗಿ ಪ್ಯಾರಾಚೂಟ್‌ನಲ್ಲಿ ಇಳಿದು ತೇಲುವ ಸೋನೊಬಾಯ್‌ನ ಮೈಕ್ರೊಫೋನನ್ನು ಯಾವ ಆಳಕ್ಕೆ ಬಿಡಬಹುದು ಎಂಬುದು ಮುಖ್ಯವಾಗುತ್ತದೆ. ಇದರ ಜೊತೆಗೆ, ಉಕ್ಕಿನ ಒಡಲು ಭೂಮಿಯ ಕಾಂತಕ್ಷೇತ್ರದಲ್ಲಿ ಉಂಟುಮಾಡುವ ಅಲ್ಪ ವ್ಯತ್ಯಾಸವನ್ನು ಗುರುತಿಸುವ ‘ಮ್ಯಾಡ್’ ಸಾಧನವೂ ಬೇಕೆಂದು ನಾನು ವಾದಿಸಿದವರ ಪೈಕಿ ಒಬ್ಬ. ಅದು ಕೆಲವೇ ನೂರು ಮೀಟರ್‌ಗಳ ವ್ಯಾಪ್ತಿಯದ್ದು, ಕೆಳಗೆ ಹಾರಲೇಬೇಕು, ಉಪ್ಪುಗಾಳಿ ಎಂಜಿನ್ ತಿನ್ನುತ್ತದೆ ಎಂಬ ಆಕ್ಷೇಪಗಳೆಲ್ಲ ನಿಜವೇ. ಆದರೂ ಕಿವಿ ಸೋತ ಕಡೆ ಕೊನೆಯ ಖಚಿತತೆಗೆ ಅದೊಂದೇ ಆಧಾರವಾಗುವ ಗಳಿಗೆಗಳಿವೆ. ಅಮೆರಿಕದ ನೌಕಾಪಡೆ ತನ್ನ ಪಿ-8ಎ ವಿಮಾನದಲ್ಲಿ ಮ್ಯಾಡ್ ಕೈಬಿಟ್ಟಿತು. ಕೊನೆಗೆ ಭಾರತಕ್ಕೆ ಬಂದ ಅದರ ರೂಪವಾದ ಪಿ-8ಐ ವಿಮಾನದ ಬಾಲದಲ್ಲಿ ಮ್ಯಾಡ್ ಇದೆ, ಹಿಂಬದಿಗೆ ನೋಡುವ ಹೆಚ್ಚುವರಿ ರಾಡಾರ್ ಕೂಡ ಇದೆ.

ಪ್ರಾತ್ಯಕ್ಷಿಕೆಗಳಲ್ಲಿ ಇಪ್ಪತ್ತು ನಿಮಿಷ ಪರದೆ ತೋರಿಸಿ ಮುಗಿಸುವುದು ವಾಡಿಕೆ. ನಾವು ಅದೇ ಕುರ್ಚಿಯಲ್ಲಿ ಅರ್ಧ ದಿನ ಕುಳಿತೆವು. ಹೆಡ್‌ಫೋನ್‌ನಲ್ಲಿ ಸಿಗಡಿಗಳ ಸದ್ದು ಒಗ್ಗರಣೆಯ ಸಾಸಿವೆ ಸಿಡಿದಂತೆ ಒಂದೇ ಸಮನೆ ಕೇಳುತ್ತಿರುವಾಗ, ಅದರ ಹಿಂದೆ ಎಲ್ಲೋ ಸಣ್ಣಗೆ ತಾಳ ಹಾಕುವ ಪ್ರೊಪೆಲ್ಲರ್‌ನ ಬಡಿತವನ್ನು ಹಿಡಿಯಬೇಕು. ಐದನೆಯ ಗಂಟೆಗೆ ಕುತ್ತಿಗೆ ನೋಯತೊಡಗಿದರೆ, ಪಕ್ಕದವರಿಗೆ ಗುರುತು ರವಾನಿಸಲು ನಾಲ್ಕು ಗುಂಡಿ ಒತ್ತಬೇಕಾದರೆ, ಆ ಬಡಿತ ತಪ್ಪಿಹೋಗುತ್ತದೆ. ನನ್ನ ಟಿಪ್ಪಣಿಯಲ್ಲಿ ಕುರ್ಚಿ ಮತ್ತು ಗುಂಡಿಗಳಿಗೇ ಎರಡು ಪುಟ ಹೋಗಿತ್ತು, ಅದಕ್ಕೆ ನನಗೆ ಇಂದಿಗೂ ವಿಷಾದವಿಲ್ಲ.

ಬೋಯಿಂಗ್ 737 ಪ್ರಯಾಣಿಕ ವಿಮಾನದಿಂದ ರೂಪಿಸಿದ ಪಿ-8ಐ ಮಾದರಿಗೆ ಒಂದು ದೊಡ್ಡ ಅನುಕೂಲವಿತ್ತು. ಬೋಯಿಂಗ್ 737ರ ಎಂಜಿನ್, ಚಕ್ರ, ಬಿಡಿಭಾಗಗಳು ಜಗತ್ತಿನ ಎಲ್ಲೆಡೆ ಸಿಗುತ್ತವೆ. ಬಿಡಿಭಾಗಕ್ಕಾಗಿ ಕಾದು ಬೇಸತ್ತಿದ್ದ ನಮಗೆ ಅದು ಸಣ್ಣ ವಿಷಯವಾಗಿರಲಿಲ್ಲ. 2009ರ ಜನವರಿಯಲ್ಲಿ ಎಂಟು ಪಿ-8ಐ ವಿಮಾನಗಳಿಗೆ ಸುಮಾರು 210 ಕೋಟಿ ಡಾಲರ್‌ಗಳ ಒಪ್ಪಂದವಾಯಿತು, 2013ರ ಮೇ ತಿಂಗಳಲ್ಲಿ ಮೊದಲನೆಯದು ಅರಕ್ಕೋಣಂಗೆ ಬಂದಿಳಿಯಿತು. 2016ರಲ್ಲಿ ಇನ್ನೂ ನಾಲ್ಕಕ್ಕೆ ಸಹಿ ಬಿತ್ತು. ಟಿಯು-142ಗಳು 2017ರ ಮಾರ್ಚ್ 29ರಂದು ಸೇವೆಯಿಂದ ನಿವೃತ್ತವಾದವು.

ಕಂಡದ್ದನ್ನು ಕೂಡಲೇ ಹಡಗುಗಳಿಗೆ ತಿಳಿಸದಿದ್ದರೆ ಗಸ್ತಿನಿಂದ ಫಲವಿಲ್ಲ. ಹಾಗೆ ಮಾಹಿತಿ ರವಾನಿಸಲು ಪಿ-8ಐ ಬಳಸುವ ಡೇಟಾ ಲಿಂಕ್ ಬೆಂಗಳೂರಿನ ಬಿಇಎಲ್‌ನದ್ದು (ಭಾರತ್ ಎಲೆಕ್ಟ್ರಾನಿಕ್ಸ್). ಆ ವಿಮಾನ ಬಂದ ವರ್ಷವೇ, ಆಗಸ್ಟ್ 30ರಂದು, ನೌಕಾಪಡೆಯ ಸಂಪರ್ಕಕ್ಕಾಗಿ ಜಿಸ್ಯಾಟ್-7 ಉಪಗ್ರಹ ಕಕ್ಷೆಗೆ ಸೇರಿತು. ಅದರ ನಿಯಂತ್ರಣ ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊ ಕೇಂದ್ರದ್ದು. ಬೆಳಗಿನ ನಡಿಗೆಯಲ್ಲಿ ಅಲ್ಲಿನ ದೊಡ್ಡ ಆಂಟೆನಾಗಳನ್ನು ನೋಡಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ನಾವು ಬರೆದ ಅಗತ್ಯಗಳಲ್ಲಿ ಇನ್ನೂ ಬಲವಾಗಿ ಬರೆಯಬೇಕಿತ್ತು ಎಂದು ನನಗನಿಸುವುದು ಸೋನೊಬಾಯ್‌ಗಳ ಬಗ್ಗೆ. ಒಮ್ಮೆ ನೀರಿಗೆ ಬಿಟ್ಟದ್ದು ಹಿಂದಿರುಗಿ ಬರುವುದಿಲ್ಲ, ಒಂದೊಂದು ಹಾರಾಟಕ್ಕೂ ಹತ್ತಾರು ಬೇಕು. ವಿಮಾನವನ್ನು ಹೊರಗಿನಿಂದ ತರಬಹುದು, ಆದರೆ ಈ ಕೊಳವೆಗಳನ್ನು ನಮ್ಮ ನೀರಿನ ಪದರಗಳಿಗೆ ಹೊಂದಿಸಿ ನಾವೇ ಸಾಕಷ್ಟು ಮಾಡಿಕೊಳ್ಳಬೇಕು. ಈ ವಿಷಯ ಓದುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಸನದಲ್ಲಿ ಯಾರಾದರೂ ಸಿಕ್ಕರೆ ನಾನು ಮೊದಲು ಹೇಳುವುದು ಇದನ್ನೇ.