ಶಾರ್ಟ್ ಲಿಂಕ್ ಇರುವ ಎಸ್‌ಎಂಎಸ್ ಕೊನೆಗೂ ತಲುಪಿತು: ನನ್ನ ಅನುಭವ

ಶಾರ್ಟ್ ಲಿಂಕ್ (ಉದ್ದ ವಿಳಾಸದ ಬದಲು ಹಾಕುವ ಚಿಕ್ಕ ವಿಳಾಸ) ಇದ್ದ ನಮ್ಮ ಎಸ್‌ಎಂಎಸ್‌ಗಳನ್ನು ಕೆಲವು ನೆಟ್‌ವರ್ಕ್‌ಗಳ ಸ್ಪ್ಯಾಮ್ ಫಿಲ್ಟರ್ ತಡೆಯುತ್ತಿತ್ತು. "ಲಿಂಕ್ ತೆಗೆದುಬಿಡಿ, ಬೇರೆ ದಾರಿ ಇಲ್ಲ" ಅಂತ, ನಮ್ಮ ಮೆಸೇಜ್‌ಗಳನ್ನು ಮೊಬೈಲ್ ನೆಟ್‌ವರ್ಕ್‌ಗೆ ದಾಟಿಸುವ ಗೇಟ್‌ವೇಯವರಿಂದ ಹಿಡಿದು ಜೊತೆಗೆ ಕೆಲಸ ಮಾಡುವವರವರೆಗೆ ಎಲ್ಲರೂ ಹೇಳಿದ್ದರು. ನಾನು ತೆಗೆಯಲಿಲ್ಲ. ಈಗ ನೂರಕ್ಕೆ 97ರ ಆಸುಪಾಸು ತಲುಪುತ್ತಿವೆ. ಅದಕ್ಕೇ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನಾನು ಕಳಿಸೋದು ಬುಕಿಂಗ್ ಮತ್ತು ಬಾಕಿ ಹಣದ ನೆನಪೋಲೆ. ಕೇಳಿಕೊಂಡವರಿಗೆ ಮಾತ್ರ. ಕೊಂಡು ತಂದ ನಂಬರ್ ಪಟ್ಟಿಗೆ ಕಳಿಸುವವರಿಗೆ ಇದರಲ್ಲಿ ಏನೂ ಸಿಗೋದಿಲ್ಲ, ಅವರನ್ನು ಫಿಲ್ಟರ್ ತಡೆಯಲೇಬೇಕು.

ಶಾರ್ಟ್ ಲಿಂಕ್ ಯಾಕೆ ಬೇಕೇಬೇಕು ಅನ್ನೋದು ಕನ್ನಡದಲ್ಲಿ ಮೆಸೇಜ್ ಕಳಿಸುವವರಿಗೆ ಗೊತ್ತು. ಎಸ್‌ಎಂಎಸ್‌ಗೆ ಬಿಲ್ ಭಾಗಗಳ ಲೆಕ್ಕದಲ್ಲಿ: ಇಂಗ್ಲಿಷ್‌ನಲ್ಲಿ ಒಂದು ಭಾಗಕ್ಕೆ 160 ಅಕ್ಷರ, ನಮಗೆ ಕನ್ನಡಕ್ಕೆ ಬಳಸುವ ಯೂನಿಕೋಡ್‌ನಲ್ಲಿ 70. ಒಂದಕ್ಕಿಂತ ಜಾಸ್ತಿ ಭಾಗವಾದರೆ ತಲಾ 67. "ನಿಮ್ಮ ಬುಕಿಂಗ್ ಖಚಿತವಾಗಿದೆ" ಅನ್ನೋದು ಕಣ್ಣಿಗೆ 11 ಅಕ್ಷರ, ಆದರೆ ಗುಣಿತ, ಒತ್ತು, ಸ್ಪೇಸ್ ಎಲ್ಲಾ ಬೇರೆ ಬೇರೆ ಎಣಿಕೆಯಾಗಿ 24 ಆಗುತ್ತದೆ. ಅದರ ಹಿಂದೆ ಅರವತ್ತು ಎಪ್ಪತ್ತು ಅಕ್ಷರದ ಪೂರ್ತಿ ಲಿಂಕ್ ಬಂದರೆ ಮುಗೀತು, ಎರಡು ಮೂರು ಭಾಗ, ಅಷ್ಟೇ ಪಟ್ಟು ಬಿಲ್.

ಹಾಗಾಗಿ ಎಲ್ಲರ ಹಾಗೆ ನಾವೂ ಲಿಂಕನ್ನು ಚಿಕ್ಕದು ಮಾಡಿಕೊಡುವ ಉಚಿತ ಶಾರ್ಟ್‌ನರ್ ಹಾಕಿದ್ದೆವು. ವರದಿಯಲ್ಲಿ ಎಲ್ಲಾ "ಡೆಲಿವರ್ಡ್". ಆದರೆ ಎರಡು ನೆಟ್‌ವರ್ಕ್‌ನ ನಂಬರ್‌ಗಳಿಂದ ಒಂದೇ ಒಂದು ಕ್ಲಿಕ್ ಇಲ್ಲ! ಉಳಿದ ಕಡೆ ಎಂದಿನ ಹಾಗೆ ನೂರಕ್ಕೆ ಹತ್ತು ಹನ್ನೆರಡು. ಮೆಸೇಜನ್ನು ನುಂಗಿ ಹಾಕಿಯೂ "ತಲುಪಿತು" ಅಂತ ರಸೀದಿ ಕೊಡುವ ದಾರಿಗಳಿವೆ. ಅದನ್ನು ನಂಬಿ ಕೂತರೆ ಆಯ್ತು, ಎಲ್ಲದಕ್ಕೂ ದುಡ್ಡು ಕಟ್ಟುತ್ತಾ ಇರಬೇಕು. ನಮ್ಮ ಲೆಕ್ಕದಲ್ಲಿ ಸುಮಾರು ಕಾಲು ಭಾಗ ಖರ್ಚು ಹೀಗೇ ಗಾಳಿಗೆ ಹೋಗಿದೆ. ವಾಪಸ್ ಕೇಳಿದ್ದಕ್ಕೆ ಗೇಟ್‌ವೇಯವರು ಅದೇ ವರದಿ ತೋರಿಸಿ ಕೈತೊಳೆದುಕೊಂಡರು.

ಹತ್ತಾರು ಸಿಮ್ ಜೋಡಿಸಿಕೊಂಡು, ಎಲ್ಲಾ ನೆಟ್‌ವರ್ಕ್‌ಗೂ ಒಂದೇ ಪಠ್ಯವನ್ನು ಮೂರು ಥರ ಕಳಿಸಿದೆ. ಲಿಂಕ್ ಇಲ್ಲದ್ದು ಬಂತು. ಪೂರ್ತಿ ಲಿಂಕ್ ಇದ್ದದ್ದೂ ಬಂತು. ಉಚಿತ ಶಾರ್ಟ್ ಲಿಂಕ್ ಇದ್ದದ್ದು ಆ ಎರಡು ಕಡೆ ಬರಲೇ ಇಲ್ಲ. ಪದಗಳನ್ನು ಹಿಂದೆಮುಂದೆ ಮಾಡಿದರೂ ಅಷ್ಟೇ. ತೊಂದರೆ ಇದ್ದದ್ದು ಪಠ್ಯದಲ್ಲಲ್ಲ, ಡೊಮೇನ್‌ನಲ್ಲಿ, ಅಂದರೆ ಲಿಂಕ್‌ನ ಮೊದಲಿಗಿರುವ ಸೈಟ್ ಹೆಸರಲ್ಲಿ. ಉಚಿತ ಶಾರ್ಟ್‌ನರ್‌ನ ಅದೇ ಡೊಮೇನ್‌ನಿಂದ ಮೋಸದ ಬ್ಯಾಂಕ್ ಲಿಂಕ್ ಕಳಿಸುವವರೂ ಇರುತ್ತಾರೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೆ ಯಾರು ನಂಬುತ್ತಾರೆ ಹೇಳಿ? ಅಮೆರಿಕದ ಮೊಬೈಲ್ ಕಂಪನಿಗಳ ಒಕ್ಕೂಟವಾದ ಸಿಟಿಐಎ ಕೂಡ ತನ್ನ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿದೆ: ಶಾರ್ಟ್‌ನರ್ ಬಳಸೋದಾದರೆ ಡೊಮೇನ್, ಐಪಿ (ಸರ್ವರ್‌ನ ಸಂಖ್ಯೆಯ ವಿಳಾಸ) ಎರಡೂ ಕಳಿಸುವವರಿಗೇ ಮೀಸಲಾಗಿರಲಿ ಅಂತ.

ಸ್ವಂತದ್ದು ಮಾಡೋಣ ಅಂದಾಗ ಎದ್ದ ಅಪಸ್ವರ ಒಂದೆರಡಲ್ಲ. "ಹೊಸ ಡೊಮೇನ್ ಇನ್ನೂ ಬೇಗ ಬ್ಲಾಕ್ ಆಗುತ್ತೆ" ಅಂದರು. ಅದು ನಿಜವೇ. ನಾಲ್ಕಕ್ಷರದ ಚಂದದ ಡೊಮೇನ್ ಒಂದನ್ನು ಕೊಂಡು ಆ ವಾರವೇ ಕಳಿಸಿ ನೋಡಿದೆ. ಅರ್ಧಕ್ಕರ್ಧ ಮಾಯ. ಮೊನ್ನೆ ಹುಟ್ಟಿದ ಡೊಮೇನ್ ಅಂದರೆ ಫಿಲ್ಟರ್‌ಗೆ ಮೊದಲೇ ಅನುಮಾನ.

ಆಮೇಲೆ ಮಾಡಿದ್ದು ಸುಲಭದ್ದು. ನಮ್ಮ ವೆಬ್‌ಸೈಟ್‌ನ ಡೊಮೇನ್‌ಗೆ ಎಂಟು ಒಂಬತ್ತು ವರ್ಷ ವಯಸ್ಸು. ಅದರ ಮೇಲೆ ಒಂದಕ್ಷರದ ಸಬ್‌ಡೊಮೇನ್ (ಡೊಮೇನ್ ಹೆಸರಿಗಿಂತ ಮೊದಲು ಚುಕ್ಕಿ ಇಟ್ಟು ಸೇರಿಸುವ ಹೆಸರು) ತೆರೆದೆ. ಇಡೀ ಲಿಂಕ್ ಇಪ್ಪತ್ತು ಚಿಲ್ಲರೆ ಅಕ್ಷರ. ಒಂದೇ ಒಂದು ರೀಡೈರೆಕ್ಟ್ (ತಾನಾಗಿ ಬೇರೆ ವಿಳಾಸಕ್ಕೆ ಕಳಿಸೋದು), ಅದೂ ಅದೇ ಡೊಮೇನ್‌ನ ಪುಟಕ್ಕೆ. ಹಿಂದೆ ಶಾರ್ಟ್‌ನರ್‌ನಿಂದ ಕ್ಲಿಕ್ ಎಣಿಸುವ ಸರ್ವರ್‌ಗೆ, ಅಲ್ಲಿಂದ ಪುಟಕ್ಕೆ ಅಂತ ಮೂರು ಕಡೆ ಜಿಗಿಯುತ್ತಿತ್ತು. ಸಬ್‌ಡೊಮೇನ್ ಬರೀ ತೆರೆದರೂ ನಾವು ಯಾರು ಅಂತ ಹೇಳುವ ಪುಟ ಬರುತ್ತದೆ, ಖಾಲಿ ಎರರ್ ಅಲ್ಲ. ಎಲ್ಲಿಗೆ ಬೇಕಾದರೂ ಕಳಿಸುವ ಓಪನ್ ರೀಡೈರೆಕ್ಟ್ ಇಡಲೇ ಇಲ್ಲ, ಲಿಂಕ್‌ನ ಕೊನೆಯಲ್ಲಿ ಬರುವ, ನಮ್ಮ ಪಟ್ಟಿಯಲ್ಲಿರುವ ಕೋಡ್‌ಗಷ್ಟೇ ಉತ್ತರ. ಇಲ್ಲದಿದ್ದರೆ ಕಳ್ಳರು ನಮ್ಮ ಹೆಸರಲ್ಲೇ ಸವಾರಿ ಮಾಡುತ್ತಾರೆ. ಕೋಡ್‌ಗಳನ್ನು ಯಾವ ಕ್ರಮದಲ್ಲಿ ಹುಟ್ಟಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳೋದಿಲ್ಲ, ಅದಕ್ಕೆ ಬಹಳ ತಲೆ ಕೆಡಿಸಿಕೊಂಡಿದ್ದೇನೆ.

ಮೊದಲ ದಿನ ಇನ್ನೂರು ಮುನ್ನೂರು ಮೆಸೇಜ್, ಆಮೇಲೆ ದಿನ ಬಿಟ್ಟು ದಿನ ಒಂದೂವರೆ ಪಟ್ಟು. ನೆಟ್‌ವರ್ಕ್‌ವಾರು ಕ್ಲಿಕ್ ನೋಡುತ್ತಾ ಏರಿಸಿದೆ. ಎಲ್ಲಾದರೂ ಕುಸಿದರೆ ಅಲ್ಲೇ ನಿಲ್ಲಿಸೋದು. ಖರ್ಚು ಕೇಳಿದರೆ ನಗು ಬರುತ್ತದೆ: ಸಬ್‌ಡೊಮೇನ್‌ಗೆ ಕಾಸು ಬೇಡ, ಸರ್ವರ್ ಮೊದಲೇ ಇತ್ತು. ಬಹುತೇಕ ಮೆಸೇಜ್ ಒಂದೇ ಭಾಗಕ್ಕೆ ಇಳಿದು ತಿಂಗಳ ಬಿಲ್ ಹೆಚ್ಚುಕಡಿಮೆ ಅರ್ಧವಾಯಿತು.

ನಡುವೆ ಸುಮ್ನೆ ಕುತೂಹಲಕ್ಕೆ ಮಾಡಿದ್ದೂ ಇದೆ. ಎಸ್‌ಎಂಎಸ್ ಮಾನದಂಡದಲ್ಲಿ ಕನ್ನಡಕ್ಕೇ ಅಂತ ಶಿಫ್ಟ್ ಟೇಬಲ್ (ಅಕ್ಷರಗಳನ್ನು ಕಡಿಮೆ ಜಾಗದಲ್ಲಿ ಹಿಡಿಸುವ ಕೋಷ್ಟಕ) ಇದೆ. ಅದು ನಡೆದರೆ 70ರ ಬದಲು ಸುಮಾರು 155 ಅಕ್ಷರ ಹಿಡಿಸಬಹುದು. ಆಸೆಯಿಂದ ಪ್ರಯತ್ನಿಸಿದೆ. ನಮ್ಮ ಗೇಟ್‌ವೇಗೆ ಅದರ ಗಂಧಗಾಳಿ ಇಲ್ಲ, ಒಂದು ಫೋನ್‌ನಲ್ಲಂತೂ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಬಿಟ್ಟೆ. ಇನ್ನೊಂದು, ಮೊದಲು "1 ಎಂದು ಉತ್ತರಿಸಿ" ಅಂತ ಕೇಳಿ, ಉತ್ತರ ಬಂದ ಮೇಲೆ ಲಿಂಕ್ ಕಳಿಸೋದು. ಅದು ಚೆನ್ನಾಗಿ ತಲುಪುತ್ತದೆ. ಆದರೆ ಉತ್ತರಿಸುವವರು ಐವರಲ್ಲಿ ಒಬ್ಬರು, ಖರ್ಚು ಎರಡು ಸಲ. ದೊಡ್ಡ ಮೊತ್ತದ ಬಾಕಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಚುಕ್ಕಿಯ ಸುತ್ತ ಸ್ಪೇಸ್ ಹಾಕಿ ಲಿಂಕ್ ಮರೆಮಾಚುವ ಸಲಹೆಯೂ ಬಂದಿತ್ತು. ಅದು ಸ್ಪ್ಯಾಮರ್‌ಗಳ ಚಾಳಿ, ಜೊತೆಗೆ ಒತ್ತಿದರೆ ತೆರೆಯುವುದೂ ಇಲ್ಲ.

ಒಂದು ವಿಷಯಕ್ಕೆ ಮಾತ್ರ ನಿಜಕ್ಕೂ ನಿದ್ದೆಗೆಟ್ಟೆ. ತಲುಪಲು ಶುರುವಾದ ಮೇಲೆ ಕ್ಲಿಕ್ ವಿಪರೀತ ಏರಿತು. ಖುಷಿಪಡುವಷ್ಟರಲ್ಲಿ ಲಾಗ್ ನೋಡಿದರೆ ಕಳಿಸಿದ ಎರಡು ಮೂರು ಸೆಕೆಂಡಿಗೇ ಕ್ಲಿಕ್, ಅದೂ ಡೇಟಾ ಸೆಂಟರ್ ಐಪಿಗಳಿಂದ. ಜನರಲ್ಲ, ಲಿಂಕ್ ತೆರೆದು ಪರೀಕ್ಷಿಸುವ ಸ್ಕ್ಯಾನರ್‌ಗಳು. ಲಿಂಕ್ ಒಂದೇ ಸಲ ತೆರೆಯುವಂಥದ್ದು, ಹಾಗಾಗಿ ಗ್ರಾಹಕರು ಒತ್ತುವಷ್ಟರಲ್ಲಿ "ಅವಧಿ ಮುಗಿದಿದೆ". ಬೈಗುಳ ಬಂದದ್ದು ನಮಗೆ. ಸ್ಕ್ಯಾನರ್ ಬ್ಲಾಕ್ ಮಾಡಿ ಅಂತ ಒಬ್ಬರು ಹೇಳಿದರು. ಮಾಡಬೇಡಿ, ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಬರುತ್ತದೆ. ಲಿಂಕ್ ಎಷ್ಟು ಸಲ ಬೇಕಾದರೂ ತೆರೆಯಲಿ, ಒಳಗಿನ "ಮುಂದುವರಿಸಿ" ಬಟನ್ ಒತ್ತಿದಾಗ ಮಾತ್ರ ಕೋಡ್ ಖರ್ಚಾಗುವಂತೆ ಬದಲಾಯಿಸಿದೆ. ದೂರು ನಿಂತಿತು. ಕ್ಲಿಕ್ ಲೆಕ್ಕವನ್ನೂ ಈಗ ಬಟನ್‌ನಿಂದಲೇ ತೆಗೆಯೋದು.

ಇದು ಎಲ್ಲಾ ಕಡೆ ಇಷ್ಟೇ ಸಲೀಸಲ್ಲ. ಭಾರತದಲ್ಲಿ 2024ರ ಅಕ್ಟೋಬರ್ 1ರಿಂದ ವಾಣಿಜ್ಯ ಮೆಸೇಜ್‌ಗಳ ಲಿಂಕನ್ನು ಮೊದಲೇ ನೋಂದಾಯಿಸಿ ವೈಟ್‌ಲಿಸ್ಟ್ ಮಾಡಿಸಬೇಕು (ಅನುಮತಿ ಪಟ್ಟಿಗೆ ಸೇರಿಸಬೇಕು) ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮ ತಂದಿದೆ. ಅಂಥ ಕಡೆ ಸ್ವಂತ ಡೊಮೇನ್ ಇದ್ದರೂ ನೋಂದಣಿ ಆಗದೆ ಒಂದೂ ಹೋಗದು. ಇನ್ನು ನಮ್ಮಲ್ಲಿ ಹಠ ಹಿಡಿದಿದ್ದ ಎರಡು ನೆಟ್‌ವರ್ಕ್‌ಗಳಲ್ಲಿ ಒಂದು ಪೂರ್ತಿ ದಾರಿಗೆ ಬಂದಿದೆ. ಇನ್ನೊಂದು ಒಮ್ಮೆಗೇ ಜಾಸ್ತಿ ಕಳಿಸಿದರೆ ಈಗಲೂ ಗಂಟೆಗಟ್ಟಲೆ ತಡ ಮಾಡುತ್ತದೆ, ಅದಕ್ಕೆ ಆ ನಂಬರ್‌ಗಳನ್ನು ಮಾತ್ರ ಬೆಳಗ್ಗೆಯಿಂದ ನಿಧಾನಕ್ಕೆ ಬಿಡುತ್ತಿದ್ದೇನೆ.