ದಸರಾಗೆ ಕಮ್ಮಿ ದುಡ್ಡಲ್ಲಿ ಮೈಸೂರಿಗೆ ಹೋಗೋರಿಗೆ

ಬ್ಯಾಗ್ ಹೆಗಲಿಗೆ ಹಾಕ್ಕೊಂಡು ದಸರಾ ನೋಡೋಕೆ ಹೊರಟಿರೋರು ವಿಜಯದಶಮಿ ದಿನಾನೇ ಹೋಗ್ಬೇಕು ಅಂತ ಹಠ ಹಿಡೀಬೇಡಿ, ಆಗ ರೂಮ್ ರೇಟ್ ಕೇಳಿದ್ರೇನೆ ತಲೆ ತಿರುಗುತ್ತೆ. ಒಂದು ವಾರ, ಹತ್ತು ದಿನ ಮುಂಚೆ ಹೋಗಿ. ಜಂಬೂ ಸವಾರಿ ಆನೆಗಳನ್ನ ತಾಲೀಮಿಗೆ ಅಂತ ಅರಮನೆಯಿಂದ ಬನ್ನಿಮಂಟಪದವರೆಗೆ, ಹತ್ತತ್ರ 5 ಕಿಲೋಮೀಟರ್, ಮೆರವಣಿಗೆ ಹೋಗೋ ಅದೇ ಸಯ್ಯಾಜಿರಾವ್ ರಸ್ತೇಲಿ ನಡೆಸ್ಕೊಂಡು ಹೋಗ್ತಾರೆ, ಬೆಳಗ್ಗೆ ಬೇಗ ಎದ್ದು ಫುಟ್‌ಪಾತಲ್ಲಿ ನಿಂತ್ರೆ ಪಾಸೂ ಬೇಡ ಟಿಕೆಟ್ಟೂ ಬೇಡ, ಬೆನ್ನ ಮೇಲೆ ಮರಳು ಮೂಟೆ ಹೊತ್ಕೊಂಡು ಕಿವಿ ಬೀಸ್ತಾ ಬರೋ ಆನೆ ಕಣ್ಣೆದುರೇ ಹೋಗುತ್ತೆ. ನಂಗಂತೂ ಮೆರವಣಿಗೆಗಿಂತ ಇದೇ ಜಾಸ್ತಿ ಇಷ್ಟ.

ನವರಾತ್ರಿ ಶುರುವಾದ್ಮೇಲೆ ಹೋಗೋದಾದ್ರೆ ಸಂಜೆ ಅರಮನೆ ಮುಂದೆ ಸಂಗೀತ ಕಾರ್ಯಕ್ರಮ ಫ್ರೀ ಇರುತ್ತೆ, ಸುಮಾರು 1 ಲಕ್ಷ ಬಲ್ಬು ಒಟ್ಟಿಗೆ ಹೊತ್ಕೊಂಡಾಗ ಇಡೀ ಜನ ಒಮ್ಮೆಲೇ ಹೋ ಅಂತಾರೆ. ಅರಮನೆ ಒಳಗಡೆ ಮಾತ್ರ ಆಯುಧಪೂಜೆ, ವಿಜಯದಶಮಿ ದಿನ ಪ್ಲಾನ್ ಮಾಡ್ಬೇಡಿ, ಪ್ರವಾಸಿಗರನ್ನ ಬಿಡಲ್ಲ.

ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿ, ಸಾವಿರ ಮೆಟ್ಟಿಲು ಇದೆ, ನಂದಿ ಹತ್ರ ಕೂತು ಸುಧಾರಿಸ್ಕೊಳ್ಳಿ, ನೀರು ಮನೆಯಿಂದಲೇ ತುಂಬಿಸ್ಕೊಂಡು ಹೋಗಿ. ಊರೊಳಗೆ ರೂಮ್ ಸಿಗ್ಲಿಲ್ವಾ, ಮಂಡ್ಯದಲ್ಲೋ ಶ್ರೀರಂಗಪಟ್ಟಣದಲ್ಲೋ ಉಳ್ಕೊಳ್ಳಿ, ಜನರಲ್ ಟಿಕೆಟ್ ತಗೊಂಡು ರೈಲಲ್ಲೇ ಓಡಾಡ್ಬಹುದು.